ಭಾವ ಆರಿಸಿದ ಮಾತಿನ ಸ್ಪೀಕರ್

ನಾನು ನಿಂತಿದ್ದದ್ದು ಬಾಗಿಲ ಬಳಿ, ಎಡಭುಜ ಚೌಕಟ್ಟಿಗೆ ತಾಗುವಂತೆ. ವಿಜಯವಾಡದ ಏಲೂರು ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಬೀದಿ, ಅಲ್ಲಿ ಮಹಡಿಯ ಮೇಲೆ ಟಿವಿ, ಸ್ಟೀರಿಯೊ ಮಾರುವ ಅಂಗಡಿ, ಆ ಅಂಗಡಿಯ ಹಿಂಬದಿಯ ಕೋಣೆ. 1998ರ ಸಂಕ್ರಾಂತಿ ಕಳೆದ ಮೇಲಿನ ಶನಿವಾರ. ಮಧ್ಯಾಹ್ನದ ಊಟ ಇನ್ನೂ ಆಗಿರಲಿಲ್ಲ. ಕೋಣೆಗೆ ಕಿಟಕಿ ಇರಲಿಲ್ಲ. ಗೋಡೆಗೆಲ್ಲ ಕಂದು ಬಣ್ಣದ ಕಾರ್ಪೆಟ್ ಅಂಟಿಸಿದ್ದರು. ಸೋಫಾದ ನಡುವೆ ನನ್ನ ಭಾವ ಕೂತಿದ್ದರು, ಅವರ ಎಡಕ್ಕೆ ನನ್ನ ಅಕ್ಕ. ಬಲಕ್ಕೆ ಅವರ ಮಗಳು ಕೂತಿದ್ದಳು, ಆಮೇಲೆ ಎದ್ದಳು; ಎಲ್ಲಿಗೆ ಹೋದಳೆಂಬುದನ್ನು ಮುಂದೆ ಹೇಳುತ್ತೇನೆ. ಅಂಗಡಿಯವರು ಟಿವಿಯ ಪಕ್ಕದಲ್ಲಿದ್ದರು. ಬಾಗಿಲು ಪಕ್ಕದ ಗೋಡೆಯಲ್ಲಿದ್ದುದರಿಂದ ಸೋಫಾದಲ್ಲಿದ್ದವರ ಮುಖವೂ ಟಿವಿಯ ಹತ್ತಿರ ನಿಂತವರ ಮುಖವೂ ನನಗೆ ಕಾಣುತ್ತಿದ್ದವು.

ನಾವು ಸ್ಪೀಕರ್ ಆರಿಸಲು ಹೋಗಿದ್ದೆವು. ಅಲ್ಲಿ ಇತ್ಯರ್ಥವಾದದ್ದು ನನ್ನ ಭಾವನಿಗೆ ಮನುಷ್ಯರ ಮಾತು ಕೇಳಿಸುತ್ತದೆಯೇ ಇಲ್ಲವೇ ಎಂಬುದು. ಒಳಗೆ ಹೋಗುವಾಗ ಇದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೊರಗೆ ಬರುವಾಗ ಒಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಾಗಿತ್ತು.

ಭಾವ ತುಮಕೂರಿನ ಕಡೆಯವರು. ವಿಶಾಖಪಟ್ಟಣದಲ್ಲಿ, ಗಾಜುವಾಕದ ಆಚೆ, ಸಾರ್ವಜನಿಕ ವಲಯದ ಒಂದು ಕಾರ್ಖಾನೆಯ ಕಂಪ್ರೆಸರ್ ಹೌಸಿನಲ್ಲಿ ಕೆಲಸ. ಎಂಬತ್ತರ ದಶಕದ ಆರಂಭದಲ್ಲಿ ಮದುವೆಯಾದ ಹೊಸತರಲ್ಲಿ ಅಕ್ಕನನ್ನು ಕರೆದುಕೊಂಡು ಅಲ್ಲಿಗೆ ಹೋದರು. ಕೆಲವು ವರ್ಷಗಳ ನಂತರ ನನಗೆ ವಿಮಾ ಕಚೇರಿಯ ಕೆಲಸ ಸಿಕ್ಕಿ ವಿಜಯವಾಡಕ್ಕೆ ಬಂದೆ. ರಜೆ ಬಂದರೆ ನಾನು ಅವರ ಕ್ವಾರ್ಟರ್ಸಿಗೆ ಹೋಗುತ್ತಿದ್ದೆ.

ಕಂಪ್ರೆಸರ್ ಹೌಸಿನೊಳಗೆ ನಾನು ಒಮ್ಮೆ ಹೋಗಿದ್ದೆ. ಯಂತ್ರಗಳ ಅಬ್ಬರದಲ್ಲಿ ಅಲ್ಲಿ ಮಾತಾಡಲು ಆಗುವುದಿಲ್ಲ. ಪಕ್ಕದಲ್ಲಿ ನಿಂತವನು ಏನು ಹೇಳುತ್ತಾನೆಂದು ತುಟಿ ನೋಡಿ, ಕೈಸನ್ನೆ ನೋಡಿ ತಿಳಿಯಬೇಕು. ಹಳಬರೆಲ್ಲ ಹಾಗೆಯೇ ಮಾತಾಡಿಕೊಳ್ಳುತ್ತಿದ್ದರು, ಒಬ್ಬರಿಗೊಬ್ಬರು ನಗೆಚಾಟಿಕೆಯನ್ನೂ ಮಾಡುತ್ತಿದ್ದರು. ಕಿವಿಗೆ ಹಾಕುವ ಮುಚ್ಚಳ ಎಲ್ಲರಿಗೂ ಕೊಟ್ಟಿದ್ದರು. ಭಾವ ಅದನ್ನು ಕೊರಳಿಗೆ ಇಳಿಬಿಟ್ಟುಕೊಳ್ಳುತ್ತಿದ್ದರು, ಏಕೆಂದರೆ ಅವರ ಕೆಲಸವೇ ಕೇಳುವುದು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲೆ ಊರಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಯಾವ ಬೇರಿಂಗ್ ಸವೆದಿದೆ, ಯಾವುದು ಇನ್ನಷ್ಟು ದಿನ ತಡೆಯುತ್ತದೆ ಎಂದು ಹೇಳುತ್ತಿದ್ದರು. ಆ ಕಾರ್ಖಾನೆಯಲ್ಲಿ ಅವರ ಕಿವಿಗೆ ಹೆಸರಿತ್ತು. ಕಂಪ್ರೆಸರ್ ಹೌಸ್ ಬಿಟ್ಟು ಇನ್ನೊಂದು ಜಾಗದಲ್ಲಿ ಅವರನ್ನು ಯಾರೂ ಊಹಿಸಿರಲಿಲ್ಲ, ಅವರಂತೂ ಊಹಿಸಿರಲೇ ಇಲ್ಲ.

ಈಗ ತೆಲುಗಿನ ವಿಷಯ. ಇದನ್ನು ಸರಿಯಾಗಿ ಹೇಳಬೇಕು, ಏಕೆಂದರೆ ನಾವೆಲ್ಲ ತಪ್ಪಿದ್ದು ಇಲ್ಲಿ. ನಾನು ಮೊದಲ ಸಲ ಅವರ ಮನೆಗೆ ಹೋದಾಗ ಭಾವ ತೆಲುಗು ಮಾತಾಡುತ್ತಿದ್ದರು. ತರಕಾರಿ ಸಂತೆಯ ಹೆಂಗಸರ ಜೊತೆ ಬದನೆಕಾಯಿಗೆ ಚೌಕಾಶಿ ಮಾಡಿ ನಗಿಸಿದ್ದನ್ನು ನಾನು ಕಂಡಿದ್ದೇನೆ. ಆಮೇಲೆ ವರ್ಷದಿಂದ ವರ್ಷಕ್ಕೆ ಅವರ ತೆಲುಗು ಕಡಿಮೆಯಾಯಿತು. ಪಕ್ಕದ ಮನೆಯವರು ತೆಲುಗಿನಲ್ಲಿ ಏನಾದರೂ ಕೇಳಿದರೆ ಅಕ್ಕನ ಮುಖ ನೋಡುತ್ತಿದ್ದರು. ಅಕ್ಕ ಅದನ್ನೇ ಕನ್ನಡದಲ್ಲಿ ಅವರಿಗೆ ಹೇಳುತ್ತಿದ್ದಳು, ಅವರು ಉತ್ತರ ಕೊಡುತ್ತಿದ್ದರು. ಕ್ರಮೇಣ ಅದು ಮನೆಯ ಅಭ್ಯಾಸವಾಯಿತು.

"ಇಷ್ಟು ವರ್ಷ ಆಯ್ತು, ಬಂದ ತೆಲುಗೂ ಹೋಯ್ತಲ್ಲ ಭಾವ, ಯಾರಾದ್ರೂ ಕಿತ್ಕೊಂಡ್ರಾ?" ಎಂದು ನಾನು ಕೇಳುತ್ತಿದ್ದೆ.

"ಬೇಕಾದಷ್ಟು ಬಂತು ಕಣಯ್ಯ, ಬೇಡ ಅಂತ ಬಿಟ್ಟೆ," ಎನ್ನುತ್ತಿದ್ದರು.

ಕಾರ್ಖಾನೆಯ ಟೌನ್‌ಶಿಪ್ಪಿನ ಕನ್ನಡ ಸಂಘದವರಿಗೆ ಇದು ಬಹಳ ಮೆಚ್ಚುಗೆಯಾಯಿತು. ಆ ಸಂಘದಲ್ಲಿ ಇದ್ದವರಿಗೆಲ್ಲ ಒಂದೇ ಹೆದರಿಕೆ: ಮಕ್ಕಳು ತೆಲುಗಿನವರಾಗಿಬಿಡುತ್ತಾರೆ ಎಂದು. ಎಲ್ಲರ ಮನೆಯಲ್ಲೂ ಮಕ್ಕಳು ಕನ್ನಡದಲ್ಲಿ ಕೇಳಿದರೆ ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದರು. ಅಂಥ ಜನರ ನಡುವೆ, ಪರವೂರಿನಲ್ಲಿ ಇಷ್ಟು ವರ್ಷ ಇದ್ದೂ ಪರಭಾಷೆ ನಾಲಗೆಗೆ ತಾಗಿಸದ ಮನುಷ್ಯ ದೊಡ್ಡವನಾಗಿ ಕಂಡ. ಒಂದು ನವೆಂಬರಿನ ರಾಜ್ಯೋತ್ಸವದ ದಿನ ಭಾವನಿಗೆ ಶಾಲು ಹೊದಿಸಿ, ಕನ್ನಡಾಭಿಮಾನಿ ಎಂದು ಸನ್ಮಾನ ಮಾಡಿದರು. ನಾನೂ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ. ಸನ್ಮಾನದ ಭಾಷಣ ನಡೆಯುವಷ್ಟು ಹೊತ್ತೂ ಭಾವ ಭಾಷಣಕಾರರ ಬಾಯಿಯನ್ನೇ ನೋಡುತ್ತಿದ್ದರು. ಎಂಥ ಶ್ರದ್ಧೆ ಎಂದುಕೊಂಡೆ.

ಮಗಳಿಗೆ ತೆಲುಗೇ ಹೆಚ್ಚು ಬರುತ್ತಿತ್ತು. ಸ್ಕೂಲು, ಗೆಳತಿಯರು, ಬಸ್ಸು, ಎಲ್ಲವೂ ತೆಲುಗು. ಅಪ್ಪನ ಹತ್ತಿರ ಮಾತ್ರ ಕನ್ನಡ, ಅದೂ ಅರ್ಧಂಬರ್ಧ. ಹೈಸ್ಕೂಲಿಗೆ ಬಂದ ಮೇಲೆ ಆ ಅರ್ಧವೂ ಇಳಿಯಿತು. ಅಡುಗೆಮನೆಯಿಂದಲೇ ತೆಲುಗಿನಲ್ಲಿ ಏನೋ ಕೂಗಿ ಹೇಳುವಳು, ಅಪ್ಪ ಸುಮ್ಮನಿರುವರು. "ಅಪ್ಪನಿಗೆ ನನ್ನ ಭಾಷೆ ಇಷ್ಟ ಇಲ್ಲ ಮಾಮ," ಎಂದು ಒಮ್ಮೆ ನನ್ನೊಡನೆ ಹೇಳಿದ್ದಳು. ದೂರು ಹೇಳುವ ದನಿಯಲ್ಲಿ ಹೇಳಲಿಲ್ಲ, ಇದು ಹೀಗೆಯೇ ಎಂಬ ಹಾಗೆ ಹೇಳಿದಳು. ಆಗ ಅವಳಿಗೆ ಹದಿನಾರಿರಬೇಕು.

ಹೋಮ್ ಥಿಯೇಟರಿನ ಹುಚ್ಚು ಭಾವನಿಗೆ ಹತ್ತಿದ್ದು ಅದೇ ಕಾಲಕ್ಕೆ. ಟಿವಿಯಲ್ಲಿ ಮಾತೆಲ್ಲ ಮುದ್ದೆಯಾಗುತ್ತದೆ ಎಂಬುದು ಅವರ ದೂರು. "ಅನ್ನ ಮುದ್ದೆ ಆದ್ರೆ ತಿನ್ಬಹುದು ಕಣಯ್ಯ, ಮಾತು ಮುದ್ದೆ ಆದ್ರೆ ಏನ್ ಮಾಡೋದು?" ಎನ್ನುತ್ತಿದ್ದರು. ಮೊದಲು ಆಂಪ್ಲಿಫೈಯರ್ ಬಂತು. ಆಮೇಲೆ ಎಡ ಬಲಕ್ಕೆ ಎರಡು ದೊಡ್ಡ ಸ್ಪೀಕರ್, ಬೆನ್ನ ಹಿಂದಕ್ಕೆ ಎರಡು ಸಣ್ಣವು. ಟಿವಿಯ ನೆತ್ತಿಯ ಮೇಲೆ ಇಡುವ ನಡುವಿನದು, ಸೆಂಟರ್ ಸ್ಪೀಕರ್, ಅದೊಂದು ಬಾಕಿ ಇತ್ತು. ಸಂಗೀತ, ಮಳೆ, ಹೊಡೆದಾಟ ಎಲ್ಲ ಅಕ್ಕಪಕ್ಕದಿಂದ ಬರುತ್ತವೆ, ಪಾತ್ರಗಳ ಮಾತು ಮಾತ್ರ ನಡುವಿನದರಿಂದ ಬರುತ್ತದೆ ಎಂದು ಅವರು ಎಲ್ಲೋ ಓದಿದ್ದರು. ಅಂದಿನಿಂದ ಅದನ್ನು ಮಾತಿನ ಸ್ಪೀಕರ್ ಎಂದೇ ಕರೆದರು. ಅದು ಸರಿಯಾಗಿ ಸಿಕ್ಕರೆ ಮಾತು ಬಿಡಿಬಿಡಿಯಾಗಿ ಕೇಳುತ್ತದೆ ಎಂಬ ನಂಬಿಕೆ.

ವಿಶಾಖಪಟ್ಟಣದಲ್ಲೇ ಜಗದಾಂಬ ಜಂಕ್ಷನ್ ಹತ್ತಿರದ ಅಂಗಡಿಯಿಂದ ಒಂದನ್ನು ತಂದಿಟ್ಟರು. ಅದರೊಳಗಿನ ಅಯಸ್ಕಾಂತಕ್ಕೆ ಮರೆ ಇರಲಿಲ್ಲ, ಅದು ಟಿವಿಯ ಬಣ್ಣ ಕೆಡಿಸಿತು. ಟಿವಿಯ ಮೇಲ್ತುದಿಯಲ್ಲಿ ಹಳದಿ, ಹಸಿರು ಕಲೆಗಳೆದ್ದವು. "ಹೀರೋಗೆ ಕಾಮಾಲೆ ಬಂದಿದೆ," ಎಂದು ಮಗಳು ನಕ್ಕಳು. ಭಾವ ವಾಪಸ್ ಮಾಡಿದರು, ಆದರೆ ಕಲೆಯ ಕಾರಣಕ್ಕಲ್ಲ. "ಮಾತು ಬಿಡಿಬಿಡಿಯಾಗಿ ಒಡೀತಿಲ್ಲ," ಎಂದರು. ಎರಡನೆಯದನ್ನು ಯಾರೋ ಮದರಾಸಿನಿಂದ ತಂದುಕೊಟ್ಟರು. ಅದೂ ಒಡೆಯಲಿಲ್ಲ. ಆಗ ನಾನೇ ವಿಜಯವಾಡದ ಈ ಅಂಗಡಿಯ ಸುದ್ದಿ ಹೇಳಿದೆ. ವಿಜಯವಾಡದಲ್ಲೂ ಇರುವ ಗಾಂಧಿನಗರದಲ್ಲಿ ಸಿನಿಮಾ ಹಂಚಿಕೆದಾರರ ಕಚೇರಿಗಳಿರುವುದರಿಂದ ಆ ಊರಿನಲ್ಲಿ ಸೌಂಡಿನ ಬಗ್ಗೆ ಮಾತಾಡುವ ಜನ ಬಹಳ, ಅವರೆಲ್ಲ ಬರುತ್ತಿದ್ದ ಅಂಗಡಿ ಅದು. ಅಕ್ಕ, ಭಾವ, ಮಗಳು ಬೆಳಗಿನ ರೈಲಿಗೆ ಬಂದಿಳಿದರು.

ಅಂಗಡಿಯವರು ವಯಸ್ಸಾದ, ಆತುರದ ಮನುಷ್ಯ. ಬಿಳಿ ಶರ್ಟಿನ ಜೇಬಿನಲ್ಲಿ ಯಾವಾಗಲೂ ಟೆಸ್ಟರ್ ಇರುತ್ತಿತ್ತು. "ಕೂರ್ಚೋಂಡಿ, ಕೂರ್ಚೋಂಡಿ," ಎಂದು ಭಾವನನ್ನು ಸೋಫಾದ ನಡುವೆ ಕೂರಿಸಿದರು. ಕನ್ನಡದವರೆಂದು ತಿಳಿದ ಮೇಲೆ ತಮಗೆ ಬರುತ್ತಿದ್ದ ಬಳ್ಳಾರಿ ಕಡೆಯ ಕನ್ನಡವನ್ನೂ ಬೆರೆಸಿದರು. ಟಿವಿಯ ಮೇಲೆ ಮೂರು ಸೆಂಟರ್ ಸ್ಪೀಕರ್‌ಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ತಂತಿ ಒಂದೇ, ಒಂದರಿಂದ ಕಿತ್ತು ಇನ್ನೊಂದಕ್ಕೆ ಸಿಕ್ಕಿಸಬೇಕು.

ಅವರದೊಂದು ಪದ್ಧತಿ ಇತ್ತು. ಮೊದಲು ಚಿತ್ರವನ್ನು ತೋರಿಸುತ್ತಿದ್ದರು. ಆಮೇಲೆ ಟಿವಿಯ ಗಾಜಿನ ಮೇಲೆ ಕಪ್ಪು ಬಟ್ಟೆ ಹೊದಿಸುತ್ತಿದ್ದರು. "ನೋಡ್ತಾ ಕೇಳಿದ್ರೆ ಎಲ್ಲಾ ಸ್ಪೀಕರೂ ಚೆನ್ನಾಗೇ ಇರ್ತದೆ ಸಾರ್. ಕಣ್ಣು ಕಿವಿಗೆ ಲಂಚ ಕೊಡ್ತದೆ," ಎನ್ನುತ್ತಿದ್ದರು. ಬಟ್ಟೆ ಹೊದಿಸಿ ಒಂದು ಮಾತನ್ನು ಕೇಳಿಸಿ, ಗಿರಾಕಿಯಿಂದ ಅದನ್ನು ತಿರುಗಿ ಹೇಳಿಸುತ್ತಿದ್ದರು. ಯಾವ ಸ್ಪೀಕರಿನಲ್ಲಿ ಗಿರಾಕಿ ತಡವರಿಸದೆ ಹೇಳುತ್ತಾನೋ ಅದನ್ನೇ ಕಟ್ಟಿಕೊಡುತ್ತಿದ್ದರು.

ಚಿತ್ರ ಇರುವಷ್ಟು ಹೊತ್ತು ಭಾವ ತಲೆದೂಗುತ್ತಿದ್ದರು. ಬಟ್ಟೆ ಹೊದಿಸಿದ ಮೇಲೆ ಒಂದು ತೆಲುಗು ಮಾತು ಬಂತು.

"ಚೆಪ್ಪಂಡಿ. ಏನಂದ ಹೇಳಿ ಸಾರ್."

ಭಾವ ಅಕ್ಕನ ಕಡೆ ತಿರುಗಿದರು.

"ಅಯ್ಯೋ, ನಮ್ಮೋರಿಗೆ ತೆಲುಗು ಬರಲ್ಲ ಬಿಡಿ," ಎಂದಳು ಅಕ್ಕ. "ಶಾಲು ಹೊದಿಸ್ಕೊಂಡು ಬಂದಿದಾರೆ ಅದಕ್ಕೆ."

"ಮೆಷಿನ್ ಮಾತಾಡಿದ್ರೆ ಅರ್ಥ ಆಗ್ತದೆ, ಮನುಷ್ಯರು ಮಾತಾಡಿದ್ರೆ ಆಗಲ್ಲ," ಎಂದಳು ಮಗಳು. ನಾವೆಲ್ಲ ನಕ್ಕೆವು. ಭಾವನೂ ನಕ್ಕರು, ನಮಗಿಂತ ಸ್ವಲ್ಪ ತಡವಾಗಿ.

ಅಂಗಡಿಯವರು ನಗಲಿಲ್ಲ. ಅವರಿಗೆ ಗಿರಾಕಿಯ ಮರ್ಯಾದೆ ಮುಖ್ಯ. "ತಪ್ಪು ನಂದು ಸಾರ್. ನಿಮ್ಮ ಭಾಷೇದೇ ಹಾಕ್ತೀನಿ," ಎಂದು ಕಪಾಟಿನಲ್ಲಿ ಹುಡುಕಿ, ಬಳ್ಳಾರಿಯ ಗಿರಾಕಿಯೊಬ್ಬರು ಬಿಟ್ಟುಹೋಗಿದ್ದ ಒಂದು ಕನ್ನಡ ಸಿನಿಮಾದ ಡಿಸ್ಕನ್ನು ತೆಗೆದರು. ಯಾವುದೋ ಹಳ್ಳಿಮನೆ, ತಾಯಿ ಮಗಳಿಗೆ ಏನೋ ಹೇಳಿ ಹೊರಡುತ್ತಾಳೆ. ಅಷ್ಟೇ ದೃಶ್ಯ. ಬಟ್ಟೆ ಜಾರುತ್ತಿತ್ತು. "ಅಮ್ಮಾ, ನೀನು ಸ್ವಲ್ಪ ಇದನ್ನ ಹಿಡ್ಕೋ," ಎಂದು ಮಗಳನ್ನು ಕರೆದರು. ಅವಳು ಎದ್ದುಹೋಗಿ ಟಿವಿಯ ಪಕ್ಕ ನಿಂತು ಬಟ್ಟೆಯ ಅಂಚನ್ನು ಹಿಡಿದುಕೊಂಡಳು. ಈಗ ಅವಳ ಮುಖ ಅಪ್ಪನಿಗೆ ನೇರ ಎದುರಿತ್ತು.

ಮೊದಲನೆಯ ಸ್ಪೀಕರಿನಿಂದ ಆ ಹೆಂಗಸಿನ ದನಿ ಬಂತು. "ಹಾಲು ಒಲೆ ಮೇಲಿದೆ, ನೋಡ್ಕೊ. ನಾನು ಬಾವಿ ಹತ್ರ ಹೋಗಿ ಬರ್ತೀನಿ." ಬಾಗಿಲ ಬಳಿ ನಿಂತ ನನಗೆ ಒಂದೊಂದು ಅಕ್ಷರವೂ ಕೇಳಿಸಿತು.

"ಹೇಳಿ ಸಾರ್."

ಭಾವ ಬಟ್ಟೆ ಹೊದ್ದ ಟಿವಿಯನ್ನೇ ನೋಡುತ್ತಿದ್ದರು. "ಇನ್ನೊಂದ್ಸಲ ಹಾಕಿ," ಎಂದರು.

ಇನ್ನೊಮ್ಮೆ ಬಂತು.

"ಹೆಂಗಸು," ಎಂದರು ಭಾವ. "ಹೆಂಗಸಿನ ದನಿ. ಏನೋ ಹೇಳ್ತಿದಾಳೆ. ಒಡೀತಿಲ್ಲ ಇದು. ಬೇರೆದಕ್ಕೆ ಹಾಕಿ."

ಎರಡನೆಯದಕ್ಕೆ ತಂತಿ ಸಿಕ್ಕಿಸಿದರು. ಸದ್ದು ಹೆಚ್ಚಿಸಿದರು. ಈಗ ಆ ಹೆಂಗಸು ಕೋಣೆಯಲ್ಲೇ ನಿಂತು ಕೂಗಿದ ಹಾಗೆ ಕೇಳಿಸಿತು. ಅಕ್ಕ ಕಿವಿ ಮುಚ್ಚಿಕೊಂಡಳು. ಭಾವನ ಬೆರಳುಗಳು ಸೋಫಾದ ಅಂಚನ್ನು ಒತ್ತುತ್ತಿದ್ದವು. ಅವರು ಕಂಪ್ರೆಸರ್ ಹತ್ತಿರ ನಿಂತಾಗ ಮಾಡುವಂತೆ ಕಣ್ಣು ಮುಚ್ಚಿದರು, ಮತ್ತೆ ತೆರೆದರು.

"ಇದೂ ಮುದ್ದೆ," ಎಂದರು.

ಯಾರೂ ನಗಲಿಲ್ಲ. ಅಕ್ಕ ಕಿವಿಯಿಂದ ಕೈ ತೆಗೆದು ಭಾವನನ್ನು ನೋಡಿದಳು. ಭಾಷೆ ಕನ್ನಡ, ಮಾತು ಅವಳೇ ದಿನಾ ಆಡುವಂಥದ್ದು. ಅವಳ ಮುಖದಲ್ಲಿ ಅದು ಇಳಿಯುವುದನ್ನು ನಾನು ನೋಡಿದೆ. ವರ್ಷಗಟ್ಟಲೆ ತಾನು ತೆಲುಗನ್ನು ಕನ್ನಡ ಮಾಡಿ ಹೇಳಿದೆನೆಂದುಕೊಂಡಿದ್ದಳು. ಹೇಳುವಾಗ ತಾನು ಅವರಿಗೆ ಮುಖ ಕೊಡುತ್ತಿದ್ದೆ, ಅವರು ತನ್ನ ತುಟಿ ನೋಡುತ್ತಿದ್ದರು, ಆಗಿದ್ದು ಅಷ್ಟೇ ಎಂದು ಅವಳಿಗೆ ಆ ಕ್ಷಣ ಹೊಳೆದಿರಬೇಕು. ನನಗೆ ಹೊಳೆದದ್ದು ಆ ಕ್ಷಣವೇ.

ಅಂಗಡಿಯವರು ಡಿಸ್ಕನ್ನು ನಿಲ್ಲಿಸಲಿಲ್ಲ. ಅದೇ ದೃಶ್ಯ ಮತ್ತೆ ಮತ್ತೆ ಓಡುವಂತೆ ಮಾಡಿಟ್ಟಿದ್ದರು. ಎರಡನೆಯ ಸ್ಪೀಕರಿನಿಂದ ತಂತಿ ಕಿತ್ತು, ಮೂರನೆಯದಕ್ಕೆ ಹಾಕಲೆಂದು ಟಿವಿಯ ಹಿಂದಕ್ಕೆ ಬಗ್ಗಿದರು. ಈಗ ಎಡಬಲದ ಸ್ಪೀಕರ್‌ಗಳಿಂದ ಹಿನ್ನೆಲೆಯ ಸಂಗೀತ ಬರುತ್ತಿತ್ತು, ಕೊಳಲು, ದೂರದಲ್ಲಿ ಹಸುವಿನ ಗಂಟೆ. ನಡುವೆ ಏನೂ ಇಲ್ಲ. ಆ ಹೆಂಗಸು ಮಾತಾಡಬೇಕಾದ ಜಾಗ ಬಂದಾಗ ಕೋಣೆಯಲ್ಲಿ ಮಾತು ಇರಲಿಲ್ಲ.

ಆಗ ಮಗಳು ತುಟಿ ಆಡಿಸಿದಳು. ಸ್ಕೂಲಿನಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದಾಗ ಗೆಳತಿಗೆ ಹೇಳಿಕೊಡುವ ಹಾಗೆ, ದನಿಯಿಲ್ಲದೆ, ನಿಧಾನವಾಗಿ: ಹಾಲು ಒಲೆ ಮೇಲಿದೆ, ನೋಡ್ಕೊ. ನಾನು ಬಾವಿ ಹತ್ರ ಹೋಗಿ ಬರ್ತೀನಿ. ಅಪ್ಪ ಹೊರಗಿನವರ ಮುಂದೆ ಸಿಕ್ಕಿಬೀಳುವುದು ಅವಳಿಗೆ ಬೇಡವಾಗಿತ್ತು. ಅದಕ್ಕಿಂತ ಹೆಚ್ಚಿನದು ಅವಳ ಮನಸ್ಸಿನಲ್ಲಿ ಇರಲಿಲ್ಲವೆಂದು ಆಮೇಲೆ ಹೇಳಿದ್ದಾಳೆ.

ಭಾವನ ಮುಖ ಅರಳಿತು.

"ಹಾಲು ಒಲೆ ಮೇಲಿದೆ, ನೋಡ್ಕೊ," ಎಂದರು ಗಟ್ಟಿಯಾಗಿ. "ನಾನು ಬಾವಿ ಹತ್ರ ಹೋಗಿ ಬರ್ತೀನಿ. ಇದು! ಇದು ನೋಡಿ ಸ್ಪೀಕರ್ ಅಂದ್ರೆ. ಅಕ್ಷರ ಅಕ್ಷರ ಕೇಳಿಸ್ತು. ಇದನ್ನೇ ಕೊಡಿ."

ಅಂಗಡಿಯವರು ಟಿವಿಯ ಹಿಂದಿನಿಂದ ಎದ್ದು ನಿಂತರು. ತಂತಿಯ ತುದಿ ಇನ್ನೂ ಅವರ ಕೈಯಲ್ಲಿತ್ತು. ಅದನ್ನೊಮ್ಮೆ ನೋಡಿದರು, ಭಾವನನ್ನೊಮ್ಮೆ, ಬಟ್ಟೆ ಹಿಡಿದು ನಿಂತ ಹುಡುಗಿಯನ್ನೊಮ್ಮೆ. ನನ್ನ ಕಡೆಗೂ ನೋಡಿದರು. ಆಮೇಲೆ ಅವರು ತಂತಿಯನ್ನು ಮೆಲ್ಲಗೆ ಕೆಳಗೆ ಬಿಟ್ಟು, "ಹಾಗೇ ಆಗಲಿ ಸಾರ್, ಒಳ್ಳೇ ಸೆಲೆಕ್ಷನ್," ಎಂದರು. ಅವರ ದನಿ ಇಳಿದಿತ್ತು. ಬಟ್ಟೆ ಹುಡುಗಿಯ ಕೈಯಿಂದ ಜಾರಿ ಬಿತ್ತು. ಟಿವಿಯಲ್ಲಿ ಆ ತಾಯಿ ಕೊಡ ಹಿಡಿದು, ಬಾಯಿ ಆಡಿಸುತ್ತ, ಹೊಸಿಲು ದಾಟುತ್ತಿದ್ದಳು.

ಊಟಕ್ಕೆ ಹತ್ತಿರದ ಮೆಸ್ಸಿಗೆ ಹೋದೆವು. ಭಾವ ಸ್ಪೀಕರಿನ ಡಬ್ಬವನ್ನು ಪಕ್ಕದ ಕುರ್ಚಿಯ ಮೇಲೆ ಇಟ್ಟುಕೊಂಡರು. ಅವರು ಅಷ್ಟು ಖುಷಿಯಾಗಿ ಉಂಡಿದ್ದನ್ನು ನಾನು ಬಹಳ ದಿನ ಕಂಡಿರಲಿಲ್ಲ. ಪುಂಡಿಸೊಪ್ಪಿನ ಗೋಂಗೂರ ಪಚ್ಚಡಿಯನ್ನು ಎರಡು ಸಲ ಬಡಿಸಿಕೊಂಡರು. "ಮೂರು ಊರಿನ ಸ್ಪೀಕರ್ ಕೇಳಿದ್ದಕ್ಕೂ ಸಾರ್ಥಕ ಆಯ್ತು ಕಣಯ್ಯ," ಎಂದರು. ಮಗಳು ಮೊದಲು ಅಮ್ಮನ ಪಕ್ಕ ಕೂತಿದ್ದಳು. ಅನ್ನ ಬಡಿಸುವ ಮೊದಲು ಎದ್ದು ಬಂದು ಅಪ್ಪನ ಎದುರಿಗೆ ಕೂತಳು.

"ಅಪ್ಪಾ," ಎಂದಳು. "ತುಪ್ಪ ಹಾಕ್ಕೊಳಪ್ಪಾ."

"ಹಾಕ್ಕೊಂಡೆ ಮರಿ," ಎಂದರು ಭಾವ.

ಅವಳು ಎಲೆಯ ಮೇಲೆ ಬಗ್ಗಿದಳು, ಬಹಳ ಹೊತ್ತು ತಲೆ ಎತ್ತಲಿಲ್ಲ. ಅಕ್ಕ ಕೈ ತೊಳೆಯುವ ಜಾಗದಲ್ಲಿ ನನ್ನ ಪಕ್ಕ ನಿಂತಾಗ ಹೇಳಿದಳು: "ಅವರಿಗೆ ಯಾರೂ ಹೇಳ್ಬೇಡಿ. ಗೊತ್ತಾದ್ರೆ ಅವರೇ ಹೋಗಿ ಮೇಲಿನವರಿಗೆ ಹೇಳಿಬಿಡ್ತಾರೆ. ಕಂಪ್ರೆಸರ್ ಹೌಸ್ ಬಿಡಿಸಿಬಿಡ್ತಾರೆ. ಅದಿಲ್ದೆ ಇವರು ಇರಲ್ಲ ಕಣೋ." ಸಂಜೆಯ ರೈಲಿಗೆ ಅವರು ಹೊರಟರು. ಡಬ್ಬ ಭಾವನ ತೊಡೆಯ ಮೇಲಿತ್ತು.

ಕೆಲವು ತಿಂಗಳ ನಂತರ ವಿಶಾಖಪಟ್ಟಣಕ್ಕೆ ಹೋದೆ. ಸ್ಪೀಕರ್ ಟಿವಿಯ ಮೇಲೆ ಕೂತಿತ್ತು. ಮನೆಯಲ್ಲಿ ಬೇರೆಯೇ ಒಂದು ವ್ಯವಸ್ಥೆ ಬೆಳೆದಿತ್ತು. ಯಾರೂ ಒಳಗಿನಿಂದ ಕೂಗುತ್ತಿರಲಿಲ್ಲ. ಮಗಳು ಏನೇ ಹೇಳುವುದಿದ್ದರೂ ಅಪ್ಪನ ಎದುರಿಗೆ ಬಂದು, ಕಿಟಕಿಯ ಬೆಳಕು ತನ್ನ ಮುಖಕ್ಕೆ ಬೀಳುವ ಕಡೆ ನಿಂತು, ಕನ್ನಡದಲ್ಲಿ ಹೇಳುತ್ತಿದ್ದಳು. ಅವಳ ಕನ್ನಡ ಸುಧಾರಿಸಿತ್ತು. ಸಂಘದವರು ಅದನ್ನೂ ಕಂಡು, ತಂದೆಯ ಅಭಿಮಾನ ಮಗಳಿಗೂ ಬಂತು ಎಂದು ಹೊಗಳಿದರಂತೆ. ಅಕ್ಕ ಇದನ್ನು ಹೇಳುವಾಗ ನಗಲು ಹೋಗಿ ನಿಲ್ಲಿಸಿದಳು.

ಭಾನುವಾರ ಸಿನಿಮಾ ಹಾಕಿಕೊಂಡು ಭಾವ ಕೂತರು. ಮಾತು ಬರುವ ಜಾಗಗಳಲ್ಲಿ ಮುಂದಕ್ಕೆ ಬಾಗುತ್ತಿದ್ದರು. ಕೊನೆಗೆ ಎದ್ದುಹೋಗಿ ಸ್ಪೀಕರಿನ ಮೇಲೆ ಅಂಗೈ ಇಟ್ಟು ನಿಂತರು, ಬೇರಿಂಗ್ ಪರೀಕ್ಷೆ ಮಾಡುವವರ ಹಾಗೆ.

"ಒಳ್ಳೇ ಸ್ಪೀಕರ್ ಕಣಯ್ಯ," ಎಂದರು, ನನ್ನ ಕಡೆ ತಿರುಗದೆ. "ಆದ್ರೆ ಅಂಗಡೀಲಿ ಅವತ್ತು ಮಾತಾಡಿದ ಹಾಗೆ ಮತ್ತೆ ಮಾತಾಡ್ಲಿಲ್ಲ."

ಅವರಿಗೆ ಗೊತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ಅವರ ಬೆನ್ನು ನನ್ನ ಕಡೆಗಿತ್ತು, ಮುಖ ಕಾಣಲಿಲ್ಲ. ನಾನು ಏನೋ ಉತ್ತರ ಕೊಟ್ಟೆ. ಅದಕ್ಕೆ ಅವರು ಏನೂ ಅನ್ನಲಿಲ್ಲ.

ಮುಂದಿನ ವರ್ಷ ಕಾರ್ಖಾನೆಯ ವೈದ್ಯಕೀಯ ತಪಾಸಣೆಯಲ್ಲಿ ಅವರ ಕಿವಿಯ ಸಂಗತಿ ಗೊತ್ತಾಯಿತು. ಅವರನ್ನು ಸ್ಟೋರ್ಸಿಗೆ ಹಾಕಿದರು. ಅಲ್ಲಿ ಸದ್ದಿಲ್ಲ. ನಟ್ಟು ಬೋಲ್ಟುಗಳ ರ‍್ಯಾಕುಗಳ ನಡುವೆ ಒಂದು ಮೇಜು. ನಾನು ಒಮ್ಮೆ ಅಲ್ಲಿಗೂ ಹೋಗಿದ್ದೆ. ಉದ್ದನೆಯ ಸ್ಕ್ರೂಡ್ರೈವರ್ ಮೇಜಿನ ಮೇಲೆ ಇತ್ತು. ಅದರಿಂದ ಅವರು ಪೆಟ್ಟಿಗೆಗಳ ಮುಚ್ಚಳ ಮೀಟಿ ತೆಗೆಯುತ್ತಿದ್ದರು. ನಿವೃತ್ತಿಯಾದ ಮೇಲೆ ಭೀಮುನಿಪಟ್ಟಣದಲ್ಲಿ ಬಾಡಿಗೆಗೆ ಮನೆ ಹಿಡಿದರು, ಸಮುದ್ರದ ಹತ್ತಿರ. ಅದರ ಸದ್ದು ಕಾಲಿನ ಅಡಿಯಿಂದ ಬರುತ್ತದೆ ಎನ್ನುತ್ತಿದ್ದರು. ಅಲ್ಲಿಯೇ ತೀರಿಕೊಂಡರು. ಕೊನೆಯ ದಿನಗಳಲ್ಲಿ ಮಗಳು ಹಾಸಿಗೆಯ ಪಕ್ಕ ಕೂತು ದನಿಯಿಲ್ಲದೆಯೇ ಮಾತಾಡುತ್ತಿದ್ದಳು. ಇತರರಿಗೆ ಕೋಣೆ ನಿಶ್ಶಬ್ದವಾಗಿಯೇ ಇರುತ್ತಿತ್ತು.

ಆ ಅಂಗಡಿಯವರೂ ಈಗ ಇಲ್ಲ. ಏಲೂರು ರಸ್ತೆಯ ಆ ಬೀದಿಯಲ್ಲಿ ಮಹಡಿಯ ಮೇಲೆ ಈಗ ಮೊಬೈಲ್ ಅಂಗಡಿ ಇದೆ. ಕೇಳಿದಾಗ, ಹಳೆಯ ಯಜಮಾನರು ಹೋಗಿ ಕೆಲವು ವರ್ಷ ಆಯಿತು ಎಂದರು. ತಂತಿ ಅವರ ಕೈಯಲ್ಲಿತ್ತೆಂದು ಅವರು ಯಾರಿಗಾದರೂ ಹೇಳಿದ್ದರೋ ಏನೋ, ತಿಳಿಯದು.

ಮೂರನೆಯ ಸ್ಪೀಕರಿಗೆ ತಂತಿ ಸಿಕ್ಕಿಸಿರಲಿಲ್ಲ ಎಂಬುದನ್ನು ಕಣ್ಣಾರೆ ಕಂಡು ಇನ್ನೂ ಬದುಕಿರುವವರು ಮೂವರು. ಬಾಗಿಲ ಬಳಿ ನಿಂತಿದ್ದ ನಾನು. ಸೋಫಾದ ಎಡಕ್ಕೆ ಕೂತಿದ್ದ ನನ್ನ ಅಕ್ಕ, ಈಗ ಭೀಮುನಿಪಟ್ಟಣದಲ್ಲಿ ಮಗಳ ಜೊತೆಗಿದ್ದಾಳೆ. ಮತ್ತು ಬಟ್ಟೆ ಹಿಡಿದು ನಿಂತಿದ್ದ ಆ ಮಗಳು. ಅವಳು ಇವತ್ತಿಗೂ ಯಾರೊಡನೆ ಮಾತಾಡಿದರೂ ಮೊದಲು ಬೆಳಕಿನ ಕಡೆಗೆ ಮುಖ ತಿರುಗಿಸಿ ನಿಲ್ಲುತ್ತಾಳೆ.